ಮನಸ್ಸಿಗೊಂದು ಉಣುಗೋಲು

ಮಲೆನಾಡಿನಲ್ಲಿ ಓಡಾಡಿದವರಿಗೆ ಉಣುಗೋಲು ಎಂದರೇನೆಂದು ಹೇಳಬೇಕಾಗಿಲ್ಲ. ಪಟ್ಟಣದ ವಾಚಕರಿಗಾಗಿ ಹೇಳುತ್ತೇನೆ. ತೋಟದ ಕಾಲುದಾರಿ ಬೇಲಿಯನ್ನು ದಾಟುವ ಜಾಗದಲ್ಲಿ ಎದುರುಬದುರಾಗಿ ಎರಡು ಕಂಬ ನೆಟ್ಟು, ಅವುಗಳಲ್ಲಿ ತೂತು ಕೊರೆದು, ಮೂರೋ ನಾಲ್ಕೋ ಗಳುಗಳನ್ನು ಅಡ್ಡಲಾಗಿ ತೂರಿಸಿರುತ್ತಾರೆ. ಅದಕ್ಕೆ ಬೀಗವಿಲ್ಲ, ಚಿಲಕವಿಲ್ಲ. ಗಳುವನ್ನು ಪಕ್ಕಕ್ಕೆ ಸರಿಸಿದರೆ ದಾರಿ. ಮತ್ತೆ ತೂರಿಸಿದರೆ ಬೇಲಿ. ಕಳ್ಳನನ್ನು ಅದು ತಡೆಯಲಾರದು. ಆನೆಯನ್ನು ತಡೆಯುವ ಮಾತಂತೂ ದೂರವೇ ಉಳಿಯಿತು. ಆದರೆ ಹಸಿರು ಕಂಡಲ್ಲಿ ಬಾಯಿ ಹಾಕುತ್ತ, ತಲೆ ತಗ್ಗಿಸಿಕೊಂಡು ಬರುವ ದನವನ್ನು ತಡೆಯುತ್ತದೆ. ತೋಟವನ್ನು ಹಾಳುಮಾಡಬೇಕೆಂಬ ದುರುದ್ದೇಶ ದನಕ್ಕೇನೂ ಇಲ್ಲ. ದಾರಿ ತೆರೆದಿತ್ತು, ಒಳಗೆ ಬಂದಿತು, ಅಷ್ಟೆ. ನನ್ನ ಮನಸ್ಸೂ ಹೆಚ್ಚುಕಡಮೆ ಇದೇ ಜಾತಿಗೆ ಸೇರಿದ್ದೆಂದು ನನಗೆ ತಿಳಿದದ್ದು ಅರವತ್ತು ದಾಟಿದ ಮೇಲೆ. ತಿಳಿಸಿಕೊಟ್ಟದ್ದು ಶಾಸ್ತ್ರಗ್ರಂಥವಲ್ಲ, ನಮ್ಮ ಮನೆಯಲ್ಲಿ ಒಂದು ವಿಡಿಯೊ ತಾಣಕ್ಕೆ ಹಾಕಿದ ತಡೆ.

ನಾನು ಮೂಡಿಗೆರೆ ತಾಲ್ಲೂಕಿನ ಒಬ್ಬ ಸಣ್ಣ ಕಾಫಿ ಬೆಳೆಗಾರ. ಬಾಬಾಬುಡನ್ ಗಿರಿಯಲ್ಲಿ ಏಳು ಬೀಜಗಳಿಂದ ಆರಂಭವಾಯಿತೆಂದು ಪ್ರತೀತಿಯಿರುವ ಈ ಬೆಳೆಯೇ ಮೂರು ತಲೆಮಾರುಗಳಿಂದ ನಮ್ಮ ಮನೆಯ ಅನ್ನ. 2020ರವರೆಗೆ ನಮ್ಮಲ್ಲಿ ಫೋನಿನ ಸಿಗ್ನಲ್ ಬೇಕಾದರೆ ಮನೆಯ ಹಿಂದಿನ ಗುಡ್ಡವನ್ನು ಹತ್ತಬೇಕಾಗಿತ್ತು. ಆ ವರ್ಷ ಕೊರೋನಾ ಬಂದು, ಶಾಲೆಗಳು ಮುಚ್ಚಿ, ಮಕ್ಕಳ ಪಾಠವೆಲ್ಲ ಫೋನಿಗೆ ಬಂದಾಗ, ಊರಿನ ಹುಡುಗರು ಛತ್ರಿ ಹಿಡಿದುಕೊಂಡು ಗುಡ್ಡದ ಮೇಲೆ ಕುಳಿತು ಪಾಠ ಕೇಳುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಅದೇ ವರ್ಷದ ಕೊನೆಗೆ ಕಂಬದಿಂದ ಕಂಬಕ್ಕೆ ಒಂದು ಸಣ್ಣ ತಂತಿ ಬಂದು, ನಮ್ಮ ಜಗಲಿಯ ಗೋಡೆಯ ಮೇಲೆ ಪೆಟ್ಟಿಗೆಯೊಂದು ಕುಳಿತು, ಅದರಲ್ಲಿ ಹಸಿರು ದೀಪ ಮಿನುಗತೊಡಗಿತು. ಗುಡ್ಡ ಹತ್ತುವುದು ತಪ್ಪಿತೆಂದು ಎಲ್ಲರಿಗೂ ಸಂತೋಷವಾಯಿತು. ನನಗೆ ತುಸು ಹೆಚ್ಚಾಗಿಯೇ ಆಯಿತು.

ಇಂಥ ತಾಣಗಳ ಉಪಕಾರವನ್ನು ಮರೆತು ಮಾತಾಡುವುದು ಕೃತಘ್ನತೆ. ಅರೇಬಿಕಾ ಗಿಡಕ್ಕೆ ಬೀಳುವ ಬಿಳಿ ಕಾಂಡಕೊರಕವನ್ನು ಗುರುತಿಸುವುದು ಹೇಗೆ, ಮೆಣಸಿನ ಬಳ್ಳಿಗೆ ಬೋರ್ಡೊ ದ್ರಾವಣ ಸಿದ್ಧಪಡಿಸುವುದು ಹೇಗೆ ಎಂಬುದನ್ನು ನಾನು ಕಣ್ಣಿನಿಂದ ನೋಡಿ ಕಲಿತದ್ದು ಅಲ್ಲಿಯೇ. ನನ್ನ ಹೆಂಡತಿಗೆ ರಾತ್ರಿಯಿಡೀ ನಿದ್ದೆಗೆಟ್ಟು ನೋಡುತ್ತಿದ್ದ ಯಕ್ಷಗಾನ ಪ್ರಸಂಗಗಳು ಅಡಿಗೆಮನೆಯಲ್ಲಿ ತರಕಾರಿ ಹೆಚ್ಚುವಾಗಲೇ ದೊರಕಿದವು. ಆದರೆ ಬೇಕಾದುದನ್ನು ಕೊಡುವ ಅಂಗಡಿ ಬೇರೆ. ಬೇಕಾದುದನ್ನು ಕೊಂಡ ಮೇಲೂ ಗಿರಾಕಿಯನ್ನು ಕೂರಿಸಿಕೊಳ್ಳುವ ಅಂಗಡಿ ಬೇರೆ. ಈ ತಾಣಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ ಯೂಟ್ಯೂಬ್ ಹುಟ್ಟಿದ್ದು 2005ರಲ್ಲಿ. ಮರುವರ್ಷ ಗೂಗಲ್ ಅದನ್ನು ಕೊಂಡಿತು. 2012ರಲ್ಲಿ ಅದು ತನ್ನ ಲೆಕ್ಕಾಚಾರವನ್ನು ಬದಲಾಯಿಸಿ, ಎಷ್ಟು ಮಂದಿ ಒತ್ತಿದರು ಎಂಬುದಕ್ಕಿಂತ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಹೆಚ್ಚು ಬೆಲೆ ಕೊಟ್ಟಿತು. 2015ರಲ್ಲಿ ಒಂದು ಮುಗಿದೊಡನೆ ಇನ್ನೊಂದು ತಾನಾಗಿಯೇ ಆರಂಭವಾಗುವ ಏರ್ಪಾಟು ಬಂದಿತು. ಜನ ಅಲ್ಲಿ ಕಳೆಯುವ ಹೊತ್ತಿನಲ್ಲಿ ಶೇಕಡ 70ಕ್ಕೂ ಹೆಚ್ಚು ಭಾಗ ತಾಣವೇ ಶಿಫಾರಸು ಮಾಡಿದ್ದನ್ನು ನೋಡುವುದರಲ್ಲಿ ಹೋಗುತ್ತದೆಂದು 2018ರಲ್ಲಿ ಅದರ ಹಿರಿಯ ಅಧಿಕಾರಿ ನೀಲ್ ಮೋಹನ್ ಅವರೇ ಹೇಳಿದರು. 2020ರ ಸೆಪ್ಟೆಂಬರಿನಲ್ಲಿ ತುಣುಕು ಚಿತ್ರಗಳ ‘ಶಾರ್ಟ್ಸ್’ ಬಂದಾಗ ಅದನ್ನು ಮೊದಲು ಪರೀಕ್ಷಿಸಿದ್ದು ನಮ್ಮ ದೇಶದಲ್ಲಿಯೇ. ಇದರಲ್ಲಿ ಗುಟ್ಟೇನೂ ಇಲ್ಲ. ನಾವು ಬೇಕೆಂದು ಒಳಗೆ ಹೋಗುತ್ತೇವೆ. ಅನಂತರ ನೋಡುವುದರಲ್ಲಿ ಬಹುಪಾಲು ನಾವು ಬೇಕೆಂದು ಕೇಳಿದ್ದಲ್ಲ.

ನನ್ನ ವಿಷಯಕ್ಕೆ ಬರುತ್ತೇನೆ. 2021ರ ಜನವರಿಯಲ್ಲಿ ನಮ್ಮ ಜಿಲ್ಲೆಯಲ್ಲೂ ಕೊಡಗು ಹಾಸನಗಳಲ್ಲೂ ಅಕಾಲದಲ್ಲಿ ಮಳೆ ಸುರಿದದ್ದು ಕಾಫಿಯವರಿಗೆಲ್ಲ ನೆನಪಿರುತ್ತದೆ. ಕೊಯ್ಲಿನ ಕಾಲ. ನಮ್ಮ ಕಣದಲ್ಲಿ ಎಂಟು ದಿನ ಒಣಗಿದ ಚೆರಿ ಹರಡಿತ್ತು. ಮಧ್ಯಾಹ್ನದ ಹೊತ್ತಿಗೆ ಚಾರ್ಮಾಡಿಯ ಕಡೆ ಮೋಡ ಕಪ್ಪಾಗಿತ್ತು. ಆಳುಗಳು ತೋಟದಲ್ಲಿದ್ದರು, ಕಣ ನೋಡಿಕೊಳ್ಳುವ ಕೆಲಸ ನನ್ನದು. ನಾನು ಜಗಲಿಯ ಕುರ್ಚಿಯಲ್ಲಿ ಫೋನು ಹಿಡಿದು ಕುಳಿತಿದ್ದೆ. ಏನು ನೋಡುತ್ತಿದ್ದೆನೆಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಮೊದಲು ನೋಡಿದ್ದು ಹವಾಮಾನದ ವರದಿಯನ್ನೇ. ಅದರಿಂದ ಎಲ್ಲಿಯೋ ಬಂದ ಪ್ರವಾಹ, ಪ್ರವಾಹದಿಂದ ಮುರಿದುಬಿದ್ದ ಸೇತುವೆ, ಸೇತುವೆಯಿಂದ ಪರದೇಶದಲ್ಲಿ ಕಾಫಿ ಒಣಗಿಸುವ ಯಂತ್ರ. ಕಾಫಿಯನ್ನು ಒಣಗಿಸುವ ವಿಧಾನವನ್ನು ನಾನು ತನ್ಮಯನಾಗಿ ನೋಡುತ್ತಿದ್ದಾಗ ಇಪ್ಪತ್ತು ಮಾರು ದೂರದಲ್ಲಿ ನನ್ನ ಕಾಫಿ ತೊಯ್ಯುತ್ತಿತ್ತು. ಹೆಂಡತಿ ಒಬ್ಬಳೇ ಟಾರ್ಪಾಲು ಎಳೆಯುತ್ತ ಕೂಗಿದ್ದು ಮೂರನೆಯ ಸಲಕ್ಕೆ ಕಿವಿಗೆ ಬಿತ್ತು. “ಮಳೆ ಬಂದದ್ದು ಫೋನಿನಲ್ಲಿ ತೋರಿಸ್ಲಿಲ್ವಾ ಮಾರಾಯ್ರೆ?” ಎಂದಷ್ಟೇ ಕೇಳಿದಳು. ತಪ್ಪು ತಾಣದ್ದಲ್ಲ, ಮೋಡದ್ದೂ ಅಲ್ಲ. ತಪ್ಪು ನನ್ನದು.

ಆ ದಿನವೇ ಪ್ರತಿಜ್ಞೆ ಮಾಡಿದೆ. ಪ್ರತಿಜ್ಞೆ ಮಾಡುವುದು ಸುಲಭ. ಅದನ್ನು ಎಷ್ಟು ಸಲ ಬೇಕಾದರೂ ಮಾಡಬಹುದು ಎಂಬುದು ಅನುಭವದಿಂದ ತಿಳಿಯಿತು. ‘ನಾಳೆಯಿಂದ’ ಎಂಬ ಮಾತು ಮೂರು ನಾಲ್ಕು ವರ್ಷ ನನ್ನೊಡನೆ ಸಂಸಾರ ಮಾಡಿತು. ಕಳೆದ ವರ್ಷ ಕಳಸದ ಕಡೆ ಕೊಟ್ಟಿರುವ ಮಗಳ ಮಗಳು ಮೂಡಿಗೆರೆಯಲ್ಲಿ ಪಿಯುಸಿ ಓದಲೆಂದು ನಮ್ಮಲ್ಲಿಗೆ ಬಂದಳು. ನನಗೆ ಒಳ್ಳೆಯ ನೆಪ ಸಿಕ್ಕಿತು. “ಹುಡುಗಿಯ ಓದಿಗೆ ತೊಂದರೆಯಾಗುತ್ತದೆ, ಆ ತಾಣವನ್ನು ಮನೆಯಲ್ಲಿ ನಿಲ್ಲಿಸಿಬಿಡು” ಎಂದು ಬೆಂಗಳೂರಿನಿಂದ ಬಂದಿದ್ದ ಮಗನಿಗೆ ಹೇಳಿದೆ. ರೋಗ ನನ್ನದು, ಔಷಧದ ಚೀಟಿ ಮೊಮ್ಮಗಳ ಹೆಸರಿನಲ್ಲಿ.

ಮಗ ಎರಡು ಕೆಲಸ ಮಾಡಿದ. ಜಗಲಿಯ ಪೆಟ್ಟಿಗೆಯೊಳಗೆ ಹೊಕ್ಕು ಆ ತಾಣದ ಹೆಸರನ್ನು ನಿಷೇಧದ ಪಟ್ಟಿಗೆ ಸೇರಿಸಿದ. ಇದರಿಂದ ಮನೆಯ ಫೋನುಗಳಿಗೆಲ್ಲ ಬಾಗಿಲು ಹಾಕಿತು. ಆಮೇಲೆ ನನ್ನ ಲೆಕ್ಕಪತ್ರದ ಕಂಪ್ಯೂಟರಿನಲ್ಲಿ ‘ಹೋಸ್ಟ್ಸ್’ ಎಂಬ ಕಡತವನ್ನು ತೆರೆದು, ತಾಣದ ಹೆಸರಿನ ಮುಂದೆ 127.0.0.1 ಎಂದು ಬರೆದ. ಅದೇನೆಂದು ಕೇಳಿದೆ. “ಪ್ರತಿಯೊಂದು ಕಂಪ್ಯೂಟರೂ ತನ್ನನ್ನೇ ಕರೆದುಕೊಳ್ಳುವ ವಿಳಾಸ ಅದು, ಅಪ್ಪ. ನೀವು ಆ ತಾಣವನ್ನು ಕೇಳಿದರೆ ಅದು ಹೊರಗೆ ಹೋಗುವುದಿಲ್ಲ, ತನ್ನೊಳಗೇ ಹುಡುಕುತ್ತದೆ, ಏನೂ ಸಿಕ್ಕುವುದಿಲ್ಲ” ಎಂದ. ಹೊರಗೆ ಸುಖವನ್ನು ಹುಡುಕುತ್ತ ಹೊರಟವನನ್ನು ‘ನಿನ್ನಲ್ಲಿಯೇ ನೋಡಿಕೋ’ ಎಂದು ಹಿಂದಕ್ಕೆ ಕಳುಹಿಸುವ ಈ ಯಂತ್ರ ಯಾವ ಗುರುವಿಗೆ ಕಡಮೆ ಎನಿಸಿತು. ಏನೂ ಸಿಕ್ಕುವುದಿಲ್ಲ ಎಂಬ ಭಾಗ ಮಾತ್ರ ಮನಸ್ಸಿಗೆ ಸ್ವಲ್ಪ ಕಸಿವಿಸಿ ಉಂಟುಮಾಡಿತು.

ಪೆಟ್ಟಿಗೆಯ ಗುಪ್ತಪದವನ್ನು ಮಗ ನನ್ನ ಕೈಗೆ ಕೊಟ್ಟು ಹೋದ. ಮನೆಯ ಯಜಮಾನ ನಾನಲ್ಲವೆ?

ಕೆಲವು ದಿನಗಳ ಮೇಲೆ ಕೊಟ್ಟಿಗೆಹಾರದ ಮೇಲಿನ ಬಸ್ಸಿನಲ್ಲಿ ಕಳಸದಿಂದ ನನ್ನ ಹಳೆಯ ಮಿತ್ರರಾದ ಮೇಷ್ಟ್ರು ಬಂದರು. ನಿವೃತ್ತರು, ತರ್ಕದಲ್ಲಿ ಬಿಗಿ. ವಿಷಯ ಕೇಳಿ ನಕ್ಕರು. “ಇದು ನಿಷ್ಪ್ರಯೋಜಕ ಮಾರಾಯ್ರೆ. ನಿಮಗೆ ಮನಸ್ಸು ಗಟ್ಟಿಯಿದ್ದರೆ ತಡೆ ಬೇಕಾಗಿಲ್ಲ. ಮನಸ್ಸು ಗಟ್ಟಿಯಿಲ್ಲದಿದ್ದರೆ ತಡೆ ನಿಲ್ಲುವುದಿಲ್ಲ. ಹಾಕಿದ ಕೈಯೇ ತೆಗೆಯುತ್ತದೆ. ಎರಡರಲ್ಲಿ ಯಾವುದಾದರೂ ತಡೆ ವ್ಯರ್ಥ. ಅದೂ ಅಲ್ಲದೆ, ಬೀಗ ಹಾಕಿದ್ದರಿಂದ ಕದಿಯದವನನ್ನು ಸತ್ಯವಂತ ಎನ್ನುತ್ತಾರೆಯೆ?” ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಕಾಫಿ ಬಗ್ಗಿಸಿಕೊಟ್ಟು ಸುಮ್ಮನಾದೆ.

ಉತ್ತರ ಸಿಕ್ಕಿದ್ದು ಒಂದು ರಾತ್ರಿ, ತೋಟದ ಮೇಲ್ಭಾಗದಲ್ಲಿ. ಊಟವಾಗಿತ್ತು, ಮಾಡಲು ಕೆಲಸವಿರಲಿಲ್ಲ. ಕೈ ತಾನಾಗಿ ಫೋನಿಗೆ ಹೋಯಿತು, ತಾಣ ತೆರೆಯಲಿಲ್ಲ. ಪೆಟ್ಟಿಗೆಯ ತಡೆ ಮನೆಯೊಳಗೆ ಮಾತ್ರ. ಗುಡ್ಡದ ಮೇಲೆ ಟವರಿನ ಸಿಗ್ನಲ್ ಸಿಕ್ಕುತ್ತದೆ, ಅಲ್ಲಿ ತಡೆಯಿಲ್ಲ ಎಂಬುದು ನೆನಪಾಯಿತು. ಒಂಬತ್ತು ಗಂಟೆಯ ಕತ್ತಲೆಯಲ್ಲಿ ಟಾರ್ಚು ಹಿಡಿದು ಹೊರಟೆ. ಪಕ್ಕದ ತೋಟಕ್ಕೆ ಆನೆಗಳು ಬಂದಿವೆ, ಸಂಜೆಯ ಮೇಲೆ ಯಾರೂ ಹೊರಗೆ ಹೋಗಬಾರದೆಂದು ಆ ದಿನವೇ ಸುದ್ದಿ ಬಂದಿತ್ತು. ನಮ್ಮ ತಾಲ್ಲೂಕಿನಲ್ಲಿ ಅದು ಬರಿಯ ಬೆದರಿಕೆಯ ಮಾತಲ್ಲ. ಆನೆಗೆ ಸಿಕ್ಕಿ ಸತ್ತವರುಂಟು. ಇಷ್ಟನ್ನೂ ನಾನು ಬಲ್ಲೆ. ಆದರೂ ಕಾಲು ನಡೆಯುತ್ತಿತ್ತು. ಅರ್ಧ ದಾರಿಯಲ್ಲಿ ಉಣುಗೋಲು ಬಂದಿತು. ಟಾರ್ಚನ್ನು ಕಂಕುಳಿಗಿಟ್ಟು ಮೇಲಿನ ಗಳುವಿಗೆ ಎರಡೂ ಕೈ ಹಾಕಿದೆ. ಮಂಜಿಗೆ ನೆನೆದು ಅದು ತಣ್ಣಗಿತ್ತು. ಉಬ್ಬಿಕೊಂಡು ಬಿಗಿಯಾಗಿ, ಒಂದೇ ಎಳೆತಕ್ಕೆ ಬರಲಿಲ್ಲ. ಎರಡನೆಯ ಸಲ ಎಳೆಯುವ ಮೊದಲು ಒಂದು ಉಸಿರು ತೆಗೆದುಕೊಂಡೆ. ಆ ಒಂದು ಉಸಿರಿನಲ್ಲಿ, ‘ಎಲ್ಲಿಗೆ ಹೊರಟಿದ್ದೇನೆ?’ ಎಂದು ಯಾರೋ ಕೇಳಿದಂತಾಯಿತು. ಕೇಳಿದವನು ನಾನೇ; ಆದರೆ ಮನೆಯಿಂದ ಹೊರಟಾಗ ಅವನು ನನ್ನ ಜೊತೆಗಿರಲಿಲ್ಲ. ಹಿಂದಿನಿಂದ ಏದುಸಿರು ಬಿಡುತ್ತ ಬಂದು ಅಲ್ಲಿ ನನ್ನನ್ನು ಕೂಡಿಕೊಂಡಿದ್ದ.

ಮೇಷ್ಟ್ರ ತರ್ಕದ ಕೊರತೆ ಇಲ್ಲಿದೆ. ಮನಸ್ಸಿನ ಗಟ್ಟಿತನ ಇರುತ್ತದೆ, ಇಲ್ಲವೆ ಇರುವುದಿಲ್ಲ ಎಂದು ಅವರು ಎರಡೇ ಮನೆ ಮಾಡಿದರು. ನಮ್ಮಲ್ಲಿ ಬಹು ಮಂದಿಯ ವಿವೇಕ ಇಲ್ಲದ್ದಲ್ಲ, ತಡವಾಗಿ ಬರುವಂಥದು. ಆಸೆ ಚುರುಕಿನ ಕಾಲಾಳು. ವಿವೇಕ ವಯಸ್ಸಾದ ಯಜಮಾನ, ಚಪ್ಪಲಿ ಮೆಟ್ಟಿಕೊಂಡು ಕೋಲು ಹುಡುಕಿಕೊಂಡು ಬರಬೇಕು. ಉಣುಗೋಲು ಕೊಡುವುದು ಅವನು ಬಂದು ಸೇರುವಷ್ಟು ಹೊತ್ತನ್ನು. ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಏಳನೆಯ ಭಾಗದಲ್ಲಿ, ಒಳ್ಳೆಯದನ್ನು ಬಲ್ಲವನೂ ಅದಕ್ಕೆ ವಿರುದ್ಧವಾಗಿ ನಡೆಯುವುದೇಕೆಂದು ವಿಚಾರ ಮಾಡಿ, ಅಂಥವರಲ್ಲಿ ಎರಡು ಬಗೆ ಹೇಳುತ್ತಾನೆ. ಒಬ್ಬನು ಯೋಚಿಸುವ ಮೊದಲೇ ನುಗ್ಗುವವನು. ಇನ್ನೊಬ್ಬನು ಯೋಚಿಸಿ, ತೀರ್ಮಾನಿಸಿ, ಆಮೇಲೂ ತೀರ್ಮಾನಕ್ಕೆ ಅಂಟಿ ನಿಲ್ಲಲಾರದವನು. ಮೊದಲನೆಯವನಿಗೆ ಒಂದು ಗಳು ಸಾಕು. ಹೊತ್ತು ಸಿಕ್ಕರೆ ಅವನು ಹಿಂದಿರುಗುತ್ತಾನೆ. ಆ ರಾತ್ರಿ ನಾನು ಹಿಂದಿರುಗಿದೆ.

ಇಲ್ಲಿಗೆ ನಿಲ್ಲಿಸಿದ್ದರೆ ಪ್ರಬಂಧ ಚೆನ್ನಾಗಿ ಮುಗಿಯುತ್ತಿತ್ತು. ಆದರೆ ನನ್ನಲ್ಲಿ ಎರಡನೆಯವನೂ ವಾಸವಾಗಿದ್ದ. ಜುಲೈ ತಿಂಗಳ ಒಂದು ರಾತ್ರಿ ಮಳೆಯ ಸದ್ದಿಗೆ ನಿದ್ದೆ ಬರಲಿಲ್ಲ. ಎದ್ದೆ. ಜಗಲಿಯ ಪೆಟ್ಟಿಗೆಯ ಗುಪ್ತಪದ ನನ್ನ ತಲೆಯಲ್ಲಿತ್ತು. ‘ಬೇಡ’ ಎಂದು ಸ್ಪಷ್ಟವಾಗಿ ಯೋಚಿಸಿದೆ; ಅನಂತರ ಒಂದೊಂದೇ ಅಕ್ಷರ ಒತ್ತಿ ತಡೆಯನ್ನು ತೆಗೆದೆ. ನೋಡಿದ್ದು ಯಕ್ಷಗಾನ, ಸಣ್ಣ ದನಿಯಲ್ಲಿ. ಮುಗಿದಾಗ ಒಂದು ಗಂಟೆ. ಮತ್ತೆ ತಡೆ ಹಾಕಿ, ದನ ನುಗ್ಗಿಸಿದವನು ಗಳು ತೂರಿಸಿ ಹೆಜ್ಜೆ ಅಳಿಸುವಂತೆ ಎಲ್ಲವನ್ನೂ ಮೊದಲಿನಂತೆ ಮಾಡಿ ಮಲಗಿದೆ.

ಬೆಳಗ್ಗೆ ಕಡುಬು ತಿನ್ನುವಾಗ ಮೊಮ್ಮಗಳು, “ಅಜ್ಜ, ರಾತ್ರಿ ಚೆಂಡೆ ಕೇಳಿಸಿತಲ್ಲ?” ಎಂದಳು. ಹೆಂಡತಿ ತಲೆ ಎತ್ತಲಿಲ್ಲ, ಕಡುಬು ಬಡಿಸಿದಳು. ತಡೆ ಹಾಕಿದ ದಿನದಿಂದ ಅವಳು ಒಂದು ಪ್ರಸಂಗವನ್ನೂ ನೋಡಿರಲಿಲ್ಲ. ‘ಹುಡುಗಿಯ ಓದಿಗೆ’ ಎಂದು ನಾನು ಹೇಳಿದ್ದನ್ನು ನಂಬಿ ಸುಮ್ಮನೆ ಬಿಟ್ಟಿದ್ದಳು. ಮೊಮ್ಮಗಳು ಮುಂದುವರಿಸಿದಳು: “ನನಗೆ ಬೇಡ ಅಂದಿದ್ದು ಸರಿ ಅಜ್ಜ. ನಾನೂ ತುಂಬಾ ಹೊತ್ತು ನೋಡ್ತಿದ್ದೆ. ಆದರೆ ಬೀಗ ಎಲ್ಲರಿಗೂ, ಕೀಲಿಕೈ ನಿಮ್ಮೊಬ್ಬರಿಗೆ. ಹಾಗಾದರೆ ಅದು ನಿಯಮವಾ, ಶಿಕ್ಷೆಯಾ?”

ಅದೇ ವಾರ ಇನ್ನೊಂದು ಸಂಗತಿ ಗಮನಕ್ಕೆ ಬಂದಿತು. ತೋಟದ ಲೈನಿನಲ್ಲಿರುವ ಒಬ್ಬ ಹುಡುಗ ಸಂಜೆಯ ಹೊತ್ತು ನಮ್ಮ ಜಗಲಿಗೆ ಬಂದು, ಅಪ್ಪನ ಫೋನಿನಲ್ಲಿ ಗಣಿತದ ಪಾಠ ನೋಡುತ್ತಿದ್ದ. ಹತ್ತನೆಯ ತರಗತಿ. ಅವನು ಬರುವುದು ನಿಂತು ಎಷ್ಟು ದಿನವಾಗಿತ್ತೋ, ನಾನು ಗಮನಿಸಿಯೇ ಇರಲಿಲ್ಲ. ಕೇಳಿದಾಗ ಅವನ ತಾಯಿ, “ಅಲ್ಲಿ ಬರಲ್ಲ ಅಂದ ಅಯ್ಯಾ, ಏನೋ ಕೆಟ್ಟಿರಬೇಕು” ಎಂದಳು. ಕೆಟ್ಟದ್ದು ಪೆಟ್ಟಿಗೆಯಲ್ಲ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಗ್ರೀಕರ ಒಡಿಸ್ಸಿಯಸ್ಸನ ಕತೆಯನ್ನು ವಾಚಕರು ಬಲ್ಲರು. ಸೈರನ್ನುಗಳ ಹಾಡು ಕೇಳಿದವರು ಹಡಗಿನೊಡನೆ ನಾಶವಾಗುತ್ತಾರೆಂದು ತಿಳಿದು, ಅವನು ನಾವಿಕರ ಕಿವಿಗೆ ಮೇಣ ತುಂಬಿಸಿ, ತನ್ನನ್ನು ಕೂವೆಮರಕ್ಕೆ ಬಿಗಿಸಿಕೊಂಡ. ಎಷ್ಟು ಬೇಡಿಕೊಂಡರೂ ಬಿಚ್ಚಬೇಡಿ, ಇನ್ನೂ ಬಿಗಿಯಿರಿ ಎಂದು ಮೊದಲೇ ಆಜ್ಞೆ ಕೊಟ್ಟಿದ್ದ. ತನ್ನನ್ನು ತಾನು ಕಟ್ಟಿಕೊಳ್ಳುವವರ ದೊಡ್ಡ ಉದಾಹರಣೆಯಾಗಿ ಪಂಡಿತರು ಇದನ್ನು ಹೇಳುತ್ತಾರೆ. ನನ್ನ ನಡತೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿದೆ. ಮೇಣವನ್ನು ಎಲ್ಲರ ಕಿವಿಗೂ ತುಂಬಿದ್ದೆ: ಹೆಂಡತಿಯ ಕಿವಿಗೆ, ಮೊಮ್ಮಗಳ ಕಿವಿಗೆ, ಕೇಳದೆಯೇ ಲೈನಿನ ಹುಡುಗನ ಕಿವಿಗೆ. ಕಟ್ಟಿಕೊಳ್ಳುವುದನ್ನು ಮಾತ್ರ ಮರೆತಿದ್ದೆ. ಹಗ್ಗದ ತುದಿ ನನ್ನ ಕೈಯಲ್ಲಿಯೇ ಇತ್ತು. ಒಡಿಸ್ಸಿಯಸ್ಸನಿಗೂ ನನಗೂ ಇದ್ದ ವ್ಯತ್ಯಾಸ ಧೈರ್ಯದ್ದಲ್ಲ. ಅವನ ಗಂಟು ಇನ್ನೊಬ್ಬರ ಕೈಯಲ್ಲಿತ್ತು.

ಇದರಿಂದ ನನಗೆ ತೋರಿದ್ದಿಷ್ಟು. ನುಗ್ಗುವವನಿಗೆ ಗಳು ಸಾಕು. ಯೋಚಿಸಿಯೂ ಜಾರುವವನಿಗೆ ಜೊತೆಗೊಬ್ಬರು ಬೇಕು. ಆದರೆ ಜೊತೆಯವರು ಕಾವಲುಗಾರರಾಗಬಾರದು. ನಾನು ಅವರ ಕೀಲಿ ಹಿಡಿದಿದ್ದರೆ ಅವರು ನನ್ನದನ್ನು ಹಿಡಿದಿರಬೇಕು. ಒಬ್ಬನೇ ಕೀಲಿ ಹಿಡಿದ ಮನೆ ಸೆರೆಮನೆ. ಅವನು ಎಷ್ಟೇ ಒಳ್ಳೆಯವನಾಗಿರಲಿ, ಕೀಲಿ ಅವನನ್ನು ಕಳ್ಳನನ್ನಾಗಿ ಮಾಡುತ್ತದೆ. ಪರಸ್ಪರ ಹಿಡಿದದ್ದು ಮಾತ್ರ ನಿಯಮ. ನಮ್ಮ ತಂದೆಯ ಕಾಲದಿಂದಲೂ ಕಾಫಿ ಗೋದಾಮಿಗೆ ಎರಡು ಬೀಗ. ಒಂದರ ಕೀಲಿ ಮನೆಯಲ್ಲಿ, ಇನ್ನೊಂದು ರೈಟರ ಹತ್ತಿರ. ಇದು ರೈಟರ ಮೇಲಿನ ಅಪನಂಬಿಕೆಯೆಂದು ಚಿಕ್ಕಂದಿನಲ್ಲಿ ತಿಳಿದಿದ್ದೆ. ತಂದೆ ತಮ್ಮ ಮೇಲೂ ಅಷ್ಟೇ ಅಪನಂಬಿಕೆ ಇಟ್ಟುಕೊಂಡಿದ್ದರೆಂದು ಈಗ ಅರ್ಥವಾಗುತ್ತದೆ.

ಆ ಭಾನುವಾರ ಮೂವರೂ ಕುಳಿತು ಮಾತಾಡಿದೆವು. ಮೊದಲು ನಾನು ಹೇಳಬೇಕಾದ್ದನ್ನು ಹೇಳಿದೆ: ತಡೆ ಹಾಕಿಸಿದ್ದು ಮೊಮ್ಮಗಳಿಗಾಗಿ ಅಲ್ಲ, ನನಗಾಗಿ. ಅದನ್ನು ಹೇಳುವುದು ಗುಡ್ಡದಿಂದ ಹಿಂದಿರುಗುವುದಕ್ಕಿಂತ ಕಷ್ಟವಾಯಿತು. ಹೆಂಡತಿ, “ಅದು ನಂಗೆ ಕಣ ತೊಯ್ದ ದಿವ್ಸವೇ ಗೊತ್ತಿತ್ತು” ಎಂದಳು. ಆಮೇಲೆ ಹೊಸ ಗುಪ್ತಪದ ಮಾಡಿದೆವು. ಮೊದಲ ಅರ್ಧ ಮೊಮ್ಮಗಳಿಗೆ ಮಾತ್ರ ಗೊತ್ತು, ಎರಡನೆಯ ಅರ್ಧ ನನಗೆ ಮಾತ್ರ. ತೆಗೆಯಬೇಕಾದರೆ ಇಬ್ಬರೂ ಪೆಟ್ಟಿಗೆಯ ಮುಂದೆ ನಿಲ್ಲಬೇಕು. ಒಬ್ಬರು ಒತ್ತುವಾಗ ಇನ್ನೊಬ್ಬರು ಮುಖ ತಿರುಗಿಸಬೇಕು. ಸಂಜೆ ಐದರಿಂದ ಏಳರವರೆಗೆ ತಡೆ ತಾನಾಗಿ ಸರಿಯುವಂತೆ ಮಗ ಏರ್ಪಾಟು ಮಾಡಿಕೊಟ್ಟ. ಆಗ ಲೈನಿನ ಹುಡುಗ ಬಂದು ಪಾಠ ನೋಡುತ್ತಾನೆ. ಒಳಗಿನಿಂದ ಚೆಂಡೆ ಮದ್ದಳೆಯ ಸದ್ದು ಬರುತ್ತದೆ. ನಾನು ಆ ಹೊತ್ತಿನಲ್ಲಿ ತೋಟಕ್ಕೆ ಹೋಗುತ್ತೇನೆ. ಯಾವಾಗಲೂ ಅಲ್ಲ, ಸಾಮಾನ್ಯವಾಗಿ.

ಈ ಆರು ತಿಂಗಳಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ತೆರೆಯೋಣವೆಂದು ನಾನು ಮೊಮ್ಮಗಳನ್ನು ಕೇಳಿದ್ದು ಎರಡು ಸಲ. ಅವಳು ನನ್ನನ್ನು ಕೇಳಿದ್ದು ಮೂರು ಸಲ. ಬೇಡವೆನ್ನುವ ಅಧಿಕಾರ ಇಬ್ಬರಿಗೂ ಇದೆ. ಇದುವರೆಗೆ ಯಾರೂ ಬೇಡವೆಂದಿಲ್ಲ. ಏತಕ್ಕೆ ಬೇಕು ಎಂದು ಬಾಯಿಬಿಟ್ಟು ಹೇಳಬೇಕಾಗುತ್ತದೆ, ಅಷ್ಟೆ. ಹೇಳಲು ನಾಚಿಕೆಯಾಗುವಂಥವನ್ನು ಕೇಳುವುದೇ ಇಲ್ಲ.

ಮೇಷ್ಟ್ರು ಮೊನ್ನೆ ಮತ್ತೆ ಬಂದಿದ್ದರು. ಎಲ್ಲವನ್ನೂ ಕೇಳಿ, “ಆದರೂ ಇದು ಸದ್ಗುಣವಲ್ಲ, ಏರ್ಪಾಟು” ಎಂದರು. ಒಪ್ಪಿದೆ. ಗೀತೆಯ ಆರನೆಯ ಅಧ್ಯಾಯದಲ್ಲಿ, ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟು ಕಷ್ಟವೆಂದು ಅರ್ಜುನ ದೂರಿದಾಗ, ಕೃಷ್ಣ ಅದನ್ನು ಅಲ್ಲಗಳೆಯುವುದಿಲ್ಲ; ಅಭ್ಯಾಸ, ವೈರಾಗ್ಯ ಎಂದು ಎರಡು ಉಪಾಯ ಹೇಳುತ್ತಾನೆ. ವೈರಾಗ್ಯ ನಮ್ಮಂಥವರ ಕೈಗೆ ಎಟುಕುವುದು ಎಂದೋ. ಅಭ್ಯಾಸಕ್ಕಾದರೂ ಏರ್ಪಾಟು ಬೇಡವೆ? ಅಷ್ಟರಲ್ಲಿ ಆಳು ಬಂದು, ಮೇಲಿನ ಉಣುಗೋಲಿನ ಎರಡು ಗಳು ಮಳೆಗೆ ಕುಂಬಾಗಿವೆ, ಹೊಸದು ಹಾಕಬೇಕು ಅಯ್ಯಾ ಎಂದ. ಹೋದ ವರ್ಷ ತಾನೆ ಹಾಕಿದ್ದಲ್ಲವೆ ಎಂದು ಮೇಷ್ಟ್ರು ಕೇಳಿದರು. ಈ ಮಳೆಯಲ್ಲಿ ಯಾವ ಗಳುವೂ ಎರಡು ವರ್ಷ ಬಾಳುವುದಿಲ್ಲ ಎಂದು ಹೇಳಿ, ಗಳು ಕಡಿಯಲು ಮರ ತೋರಿಸುವುದಕ್ಕೆ ಎದ್ದೆ. ಮೇಷ್ಟ್ರೂ ಕೊಡೆ ಹಿಡಿದು ಜೊತೆಗೆ ಬಂದರು.